ಉಪವಾಸವೇ ಮುಳುವಾದ ಆಮೆಗಳ ನಾಡು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತಿಮಿಂಗಿಲ ಬೇಟೆಗೆ ಹೊರಟ ಹಡಗೆಂದರೆ ಎರಡು-ಮೂರು ವರ್ಷ ಮನೆಯ ಮುಖ ಕಾಣದ ಹಡಗು. ಆಗ ಫ್ರಿಜ್ ಇರಲಿಲ್ಲ. ನಾವಿಕರ ಪಾಲಿಗೆ ಉಪ್ಪಿನಲ್ಲಿ ನೆನೆದ ಮಾಂಸ, ಹುಳು ಹಿಡಿದ ಗಟ್ಟಿ ಬಿಸ್ಕತ್ತು, ಪೀಪಾಯಿಯ ಕೊಳೆತ ನೀರು ಇಷ್ಟೇ ಗತಿ. ಇಂಥವರ ಕಣ್ಣಿಗೆ ಶಾಂತಸಾಗರದ ನಡುವೆ ಒಂದು ಅದ್ಭುತ ಬಿತ್ತು. ಮೈಲಿಗಟ್ಟಲೆ ಕಪ್ಪು ಕಲ್ಲಿನ ದ್ವೀಪಗಳು, ಅವುಗಳ ತುಂಬ ಕ್ವಿಂಟಲ್ ತೂಗುವ ಆಮೆಗಳು. ಅವು ಓಡುವುದಿಲ್ಲ, ಕಚ್ಚುವುದಿಲ್ಲ, ಕೂಗುವುದಿಲ್ಲ. ಹೊತ್ತು ತಂದು ಹಡಗಿನ ತಳಮನೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟರಾಯಿತು. ಮೇವು ಬೇಡ, ನೀರು ಬೇಡ. ಒಂದು ವರ್ಷದವರೆಗೂ ಹಾಗೇ ಬದುಕಿರುತ್ತಿದ್ದವು. ಬೇಕೆನಿಸಿದ ದಿನ ಒಂದನ್ನು ಮೇಲೆತ್ತಿ ಕೊಯ್ದರೆ ತಾಜಾ ಮಾಂಸ ಸಿದ್ಧ.

ಅನ್ನ-ನೀರಿಲ್ಲದೆ ವರ್ಷದವರೆಗೂ ತಾಳಿಕೊಳ್ಳುವ ಈ ಶಕ್ತಿಯನ್ನು ಆಮೆಗಳು ಸುಮ್ಮನೆ ಪಡೆದದ್ದಲ್ಲ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವಂಥ ದ್ವೀಪಗಳಲ್ಲಿ ಲಕ್ಷಾಂತರ ವರ್ಷ ಬಾಳಿ ಕಲಿತ ವಿದ್ಯೆ ಅದು. ಬರಗಾಲವನ್ನು ಗೆಲ್ಲಲು ನಿಸರ್ಗ ಕೊಟ್ಟ ವರ ಮನುಷ್ಯ ಬಂದ ದಿನವೇ ಶಾಪವಾಯಿತು. ಗ್ಯಾಲಪಗೋಸ್ ದ್ವೀಪಸ್ತೋಮದ ಸರೀಸೃಪಗಳ ಕತೆಯೆಲ್ಲ ಹೆಚ್ಚುಕಡಿಮೆ ಈ ಒಂದು ಮಾತಿನ ಸುತ್ತಲೇ ಸುತ್ತುತ್ತದೆ.

ಬೆಂಕಿಯಿಂದೆದ್ದ ನೆಲ

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು ಸಾವಿರ ಕಿಲೊಮೀಟರ್ ಸಾಗಿದರೆ ಭೂಮಧ್ಯರೇಖೆಯ ಮೇಲೆಯೇ ಈ ದ್ವೀಪಗಳು ಸಿಗುತ್ತವೆ. ದೊಡ್ಡವು ಹದಿಮೂರು. ಸಣ್ಣಪುಟ್ಟ ದ್ವೀಪ, ಬಂಡೆ ಸೇರಿಸಿದರೆ ನೂರಕ್ಕೂ ಮಿಕ್ಕಿ. ಇವು ಯಾವತ್ತೂ ಖಂಡಕ್ಕೆ ಅಂಟಿಕೊಂಡಿದ್ದ ನೆಲವಲ್ಲ. ಸಮುದ್ರದ ತಳದಲ್ಲಿ ಒಂದು ಕಡೆ ಭೂಮಿಯ ಒಡಲ ಬೆಂಕಿ ಸದಾ ಮೇಲುಕ್ಕುತ್ತಿರುತ್ತದೆ. ಅದರ ಮೇಲಿನ ಭೂಪದರ ಮಾತ್ರ ಆಗ್ನೇಯ ದಿಕ್ಕಿಗೆ ಮೆಲ್ಲಗೆ ಜರುಗುತ್ತಿದೆ. ಒಲೆ ನಿಂತಲ್ಲೇ ನಿಂತಿದೆ, ಕಾವಲಿ ಸರಿಯುತ್ತಿದೆ ಎನ್ನಿ. ಹೀಗಾಗಿ ಪೂರ್ವದ ಎಸ್ಪಾನ್ಯೋಲಾ, ಸಾನ್ ಕ್ರಿಸ್ಟೋಬಾಲ್ ದ್ವೀಪಗಳು ಮೂವತ್ತು-ನಲವತ್ತು ಲಕ್ಷ ವರ್ಷಗಳಷ್ಟು ಹಳೆಯವು, ತಣ್ಣಗಾದವು. ಪಶ್ಚಿಮದ ಇಸಬೆಲಾ, ಫರ್ನಾಂಡಿನಾ ಹತ್ತು ಲಕ್ಷ ವರ್ಷವೂ ತುಂಬದ ಎಳೆಯವು. ಅಲ್ಲಿ ಈಗಲೂ ಲಾವಾ ಹರಿಯುತ್ತದೆ. ಇಸಬೆಲಾದ ವೋಲ್ಫ್ ಜ್ವಾಲಾಮುಖಿ 2015ರಲ್ಲೂ 2022ರಲ್ಲೂ ಸಿಡಿಯಿತು. ಫರ್ನಾಂಡಿನಾದ ಲಾ ಕುಂಬ್ರೆ 2024ರಲ್ಲಿ ಬೆಂಕಿಯುಗುಳಿತು.

ಕಾದು ಬೂದಿಯಾದ ಇಂಥ ನೆಲಕ್ಕೆ ಜೀವ ಹೇಗೆ ಬಂತು? ಹಾರಬಲ್ಲ ಹಕ್ಕಿಗಳು ಹಾರಿ ಬಂದವು. ನೆಲದ ಪ್ರಾಣಿಗಳಿಗೆ ಇದ್ದದ್ದು ಒಂದೇ ದಾರಿ. ಖಂಡದ ನದಿಗಳಲ್ಲಿ ಪ್ರವಾಹ ಬಂದಾಗ ಬುಡಮೇಲಾದ ಮರ, ಬಳ್ಳಿ, ಹುಲ್ಲಿನ ಹೆಂಟೆಗಳು ತೆಪ್ಪದಂತೆ ಸಮುದ್ರ ಸೇರುತ್ತವೆ. ಅದರ ಮೇಲೆ ಅಂಟಿಕೊಂಡ ಜೀವಿಯೊಂದು ವಾರಗಟ್ಟಲೆ ಬಿಸಿಲು, ಉಪ್ಪುನೀರು, ಹಸಿವೆ ಎಲ್ಲವನ್ನೂ ತಾಳಿಕೊಂಡರೆ ದಡ ಕಂಡೀತು. ಕಪ್ಪೆಗೆ ಇದು ಆಗದ ಮಾತು. ಅದರ ತೆಳು ಚರ್ಮಕ್ಕೆ ಉಪ್ಪುನೀರು ತಾಗಿದರೆ ಮುಗಿಯಿತು. ಹಾಗಾಗಿ ಗ್ಯಾಲಪಗೋಸ್‌ನಲ್ಲಿ ಮೂಲನಿವಾಸಿ ಕಪ್ಪೆಯೇ ಇಲ್ಲ. ಗಂಟೆಗಂಟೆಗೆ ಹೊಟ್ಟೆ ಕೇಳುವ ಬಿಸಿನೆತ್ತರಿನ ಪ್ರಾಣಿಗಳಿಗೂ ಕಷ್ಟವೇ. ಬಾವಲಿ, ಒಂದಷ್ಟು ಇಲಿ ಬಿಟ್ಟರೆ ನೆಲದ ಮೇಲೆ ಬದುಕುವ ಬೇರೆ ಸಸ್ತನಿ ಅಲ್ಲಿಗೆ ತಾನಾಗಿ ಬಂದಿಲ್ಲ. ಒರಟು ಹುರುಪೆಯ, ತಣ್ಣೆತ್ತರಿನ, ಅಲ್ಪತೃಪ್ತ ಸರೀಸೃಪಗಳು ಮಾತ್ರ ಪರೀಕ್ಷೆಯಲ್ಲಿ ಪಾಸಾದವು.

ಆಮೆ ಇಷ್ಟು ದೂರ ತೇಲಿ ಬರುವುದುಂಟೇ ಎಂದು ಅನುಮಾನವಿದ್ದರೆ ಇಲ್ಲೊಂದು ಸಾಕ್ಷಿ ಇದೆ. 2004ರಲ್ಲಿ ಆಫ್ರಿಕಾದ ಟಾಂಜಾನಿಯಾ ಕರಾವಳಿಗೆ ಹಿಂದೂ ಮಹಾಸಾಗರದ ಅಲ್ಡಾಬ್ರಾ ದ್ವೀಪದ ಜಾತಿಯ ದೈತ್ಯ ಆಮೆಯೊಂದು ತೇಲಿ ಬಂದು ದಡ ಹತ್ತಿತು. ಸಮುದ್ರದಲ್ಲಿ ಅದು ಎಷ್ಟು ದಿನ ಕಳೆದಿತ್ತೆಂದರೆ ಕಾಲುಗಳ ಮೇಲೆ ಬಂಡೆಚಿಪ್ಪುಗಳು ಬೆಳೆದುಕೊಂಡಿದ್ದವು. ಅಂಥ ಒಂದು ಬಸುರಿ ಆಮೆ ಬರಿಯ ದ್ವೀಪವೊಂದನ್ನು ತಲುಪಿದರೂ ಸಾಕು, ಒಂದು ವಂಶ ಶುರುವಾಗುತ್ತದೆ.

ಸಮುದ್ರ ಮೇಯುವ ಹಲ್ಲಿ

ಹಾಗೆ ಬಂದವರಲ್ಲಿ ಇಗ್ವಾನಾ ಒಂದು. ನಮ್ಮ ಓತಿಕ್ಯಾತದ ದೂರದ ನೆಂಟ, ಗಾತ್ರದಲ್ಲಿ ಉಡವನ್ನು ನೆನಪಿಸುವ ಹಲ್ಲಿ. ಅಮೆರಿಕ ಖಂಡದಲ್ಲಿ ಇದರ ಬಂಧುಗಳು ಮರದ ಮೇಲೆ ಎಲೆ ತಿಂದುಕೊಂಡಿವೆ. ಇಲ್ಲಿ ಮರವೇ ಇಲ್ಲದ ಕರಿಬಂಡೆಯ ದಡ. ತಿನ್ನಲು ಏನಾದರೂ ಹಸಿರು ಇದ್ದರೆ ಅದು ಸಮುದ್ರದೊಳಗಿನ ಪಾಚಿ. ಒಂದು ಕವಲು ಧೈರ್ಯ ಮಾಡಿ ನೀರಿಗಿಳಿಯಿತು. ಇಡೀ ಜಗತ್ತಿನಲ್ಲಿ ಸಮುದ್ರದಲ್ಲಿ ಮೇವು ಹುಡುಕುವ ಹಲ್ಲಿ ಇದೊಂದೇ. ಬಂಡೆಗಂಟಿದ ಪಾಚಿ ಕೆರೆಯಲು ಮೂತಿ ಚಪ್ಪಟೆಯಾಯಿತು. ಅಲೆಯ ಹೊಡೆತಕ್ಕೆ ಜಾರದಂತೆ ಉಗುರು ಉದ್ದವಾಯಿತು. ಬಾಲ ಹುಟ್ಟಿನಂತಾಯಿತು. ಮೇಯುವಾಗ ಹೊಟ್ಟೆಗಿಳಿಯುವ ಉಪ್ಪನ್ನು ಹೊರಹಾಕಲು ಮೂಗಿನ ಬಳಿ ಗ್ರಂಥಿಯೇ ಇದೆ. ದಡದಲ್ಲಿ ಗುಂಪಾಗಿ ಬಿಸಿಲು ಕಾಯಿಸುತ್ತ ಕುಳಿತ ಇಗ್ವಾನಾಗಳು ಇದ್ದಕ್ಕಿದ್ದಂತೆ ಒಂದರ ಹಿಂದೊಂದು ಸೀನುತ್ತವೆ. ನೆಗಡಿಯಲ್ಲ, ಉಪ್ಪಿನ ಪಿಚಕಾರಿ. ಅದು ತಲೆಯ ಮೇಲೆಯೇ ಬಿದ್ದು ಒಣಗಿ ಬಿಳಿ ಟೊಪ್ಪಿಗೆ ಹಾಕಿದಂತೆ ಕಾಣುತ್ತದೆ.

ಸಮಭಾಜಕದ ಮೇಲಿದ್ದರೂ ಅಲ್ಲಿನ ನೀರು ತಣ್ಣಗಿರುತ್ತದೆ. ದಕ್ಷಿಣದಿಂದ ಬರುವ ಹಂಬೋಲ್ಟ್ ಪ್ರವಾಹವೂ ಆಳದಿಂದ ಮೇಲೇಳುವ ಮತ್ತೊಂದು ಪ್ರವಾಹವೂ ಅದಕ್ಕೆ ಕಾರಣ. ಈ ತಂಪಿನಿಂದಲೇ ಪಾಚಿ ಸೊಂಪಾಗಿ ಬೆಳೆಯುತ್ತದೆ. ಆದರೆ ತಣ್ಣೆತ್ತರಿನ ಪ್ರಾಣಿಗೆ ತಣ್ಣೀರು ಅಪಾಯ. ಆಳಕ್ಕೆ ಧುಮುಕುವ ಕೆಲಸ ಮುಖ್ಯವಾಗಿ ದೊಡ್ಡ ಗಂಡುಗಳದ್ದು. ಹೆಣ್ಣು, ಮರಿಗಳು ಇಳಿತದ ವೇಳೆ ಬಯಲಾದ ಬಂಡೆಗಳಲ್ಲೇ ಮೇಯುತ್ತವೆ. ಮೇಲೆ ಬಂದ ಮೇಲೆ ಕರಿ ಮೈಯನ್ನು ಕರಿ ಬಂಡೆಗೆ ಒತ್ತಿ ಮಲಗಿ ಮತ್ತೆ ಕಾವೇರಿಸಿಕೊಳ್ಳಬೇಕು.

1835ರ ಸೆಪ್ಟೆಂಬರ್ 15ರಂದು ಬೀಗಲ್ ಹಡಗಿನಲ್ಲಿ ಇಲ್ಲಿಗೆ ಬಂದ ಇಪ್ಪತ್ತಾರರ ತರುಣ ಚಾರ್ಲ್ಸ್ ಡಾರ್ವಿನ್‌ಗೆ ಈ ಪ್ರಾಣಿ ಎಳ್ಳಷ್ಟೂ ಹಿಡಿಸಲಿಲ್ಲ. ಕುರೂಪಿ, ಮಂಕು ಎಂದೇ ಬರೆದುಕೊಂಡ. ಬಾಲ ಹಿಡಿದು ನೀರಿಗೆಸೆದರೆ ಅದು ಈಜಿ ನೇರ ಅವನ ಕಾಲ ಬುಡಕ್ಕೇ ಬರುತ್ತಿತ್ತು. ಎಷ್ಟು ಸಲ ಎಸೆದರೂ ಅದೇ ಕತೆ. ಕಡೆಗೆ ಅವನಿಗೆ ಹೊಳೆಯಿತು. ನೀರಿನಲ್ಲಿ ಶಾರ್ಕ್‌ಗಳಿವೆ. ನೆಲದ ಮೇಲೆ ಶತ್ರುವೆಂಬುದನ್ನು ಈ ವಂಶ ಕಂಡೇ ಇಲ್ಲ. ಆದ್ದರಿಂದ ದಡವೆಂದರೆ ಸುರಕ್ಷಿತ ಎಂಬುದು ಅದರ ರಕ್ತದಲ್ಲೇ ಇದೆ. ಹಡಗಿನ ನಾವಿಕನೊಬ್ಬ ಒಂದಕ್ಕೆ ಭಾರ ಕಟ್ಟಿ ಮುಳುಗಿಸಿ ಒಂದು ಗಂಟೆಯ ನಂತರ ಎಳೆದನಂತೆ. ಅದು ಆಗಲೂ ಚುರುಕಾಗಿಯೇ ಇತ್ತು.

ಪೂರ್ತಿ ಮುಗ್ಧ ಎನ್ನುವಂತೆಯೂ ಇಲ್ಲ. ಗ್ಯಾಲಪಗೋಸ್ ಗಿಡುಗ ಮೇಲೆ ಸುಳಿದರೆ ಅಲ್ಲಿನ ಅಣಕುಹಕ್ಕಿ ಕೂಗಿ ಎಚ್ಚರಿಸುತ್ತದೆ. ತಾನು ಬಾಯಿಬಿಟ್ಟು ದನಿ ಮಾಡಲಾರದ ಇಗ್ವಾನಾ ಹಕ್ಕಿಯ ಈ ಕೂಗನ್ನು ಗುರುತಿಸಿ ತಲೆ ಎತ್ತುತ್ತದೆ ಎಂಬುದನ್ನು 2007ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಫರ್ನಾಂಡಿನಾ ದಡದಲ್ಲಿ ಮೊಟ್ಟೆಯೊಡೆದು ಹೊರಬಂದ ಮರಿಗಳನ್ನು ಹಾವುಗಳ ಹಿಂಡು ಅಟ್ಟಿಸಿಕೊಂಡು ಹೋಗುವ ದೃಶ್ಯ 2016ರಲ್ಲಿ ಬಿಬಿಸಿ ಚಿತ್ರದಲ್ಲಿ ಬಂದಾಗ ಜಗತ್ತೇ ಉಸಿರು ಬಿಗಿಹಿಡಿದು ನೋಡಿತು. ಆ ಹಾವೂ ಗ್ಯಾಲಪಗೋಸ್‌ನ ಮೂಲನಿವಾಸಿಯೇ. ಹಾವು, ಗಿಡುಗದ ಭಯವನ್ನು ಇಗ್ವಾನಾ ಲಕ್ಷಾಂತರ ವರ್ಷಗಳಲ್ಲಿ ಕಲಿತಿದೆ. ನಾಯಿ, ಬೆಕ್ಕಿನ ಭಯ ಕಲಿಯಲು ಅದಕ್ಕೆ ಸಮಯ ಸಿಕ್ಕಿಲ್ಲ.

ಸಮುದ್ರದ ಇಗ್ವಾನಾದ ನಿಜವಾದ ಸೋಜಿಗ ಇನ್ನೊಂದಿದೆ. ಕೆಲವು ವರ್ಷಗಳಿಗೊಮ್ಮೆ ಎಲ್ ನಿನೊ ಬಂದು ಸಮುದ್ರ ಬಿಸಿಯಾಗುತ್ತದೆ. ತಂಪು ಬೇಡುವ ಪಾಚಿ ಸತ್ತು ಜೀರ್ಣವಾಗದ ಕಂದು ಪಾಚಿ ಬೆಳೆಯುತ್ತದೆ. ಹೊಟ್ಟೆ ತುಂಬಿದ್ದರೂ ಇಗ್ವಾನಾ ಹಸಿದು ಸಾಯುತ್ತದೆ. 1982-83ರಲ್ಲಿ, ಮತ್ತೆ 1997-98ರಲ್ಲಿ ಹೀಗೆ ಸತ್ತವಕ್ಕೆ ಲೆಕ್ಕವಿಲ್ಲ. ಬದುಕುಳಿದವು ಏನು ಮಾಡಿದವು ಗೊತ್ತೇ? ಕುಗ್ಗಿದವು. ಸೊರಗಿದವು ಎಂದಲ್ಲ, ಉದ್ದದಲ್ಲೇ ಗಿಡ್ಡವಾದವು. ಮಾರ್ಟಿನ್ ವಿಕೆಲ್ಸ್‌ಕಿ ಮತ್ತು ಕೊರಿನಾ ಥಾಮ್ ವರ್ಷಗಟ್ಟಲೆ ಅಳತೆ ಮಾಡಿ 2000ದಲ್ಲಿ ಪ್ರಕಟಿಸಿದ ಪ್ರಕಾರ ಬೆಳೆದ ಇಗ್ವಾನಾ ಎರಡು ವರ್ಷದಲ್ಲಿ ತನ್ನ ಉದ್ದದ ಐದನೇ ಒಂದು ಭಾಗದವರೆಗೂ ಕಳೆದುಕೊಳ್ಳಬಲ್ಲದು. ಮೂಳೆಯೂ ಕರಗುತ್ತದೆ ಎಂದು ಅವರ ಊಹೆ. ಮತ್ತೆ ಮೇವು ಸಿಕ್ಕಿದಾಗ ಮತ್ತೆ ಬೆಳೆಯುತ್ತದೆ. ಸಣ್ಣ ಮೈಗೆ ಸಣ್ಣ ತುತ್ತು ಸಾಕಲ್ಲ!

ಇಷ್ಟೆಲ್ಲ ತಾಳಿಕೊಂಡ ಪ್ರಾಣಿ 2001ರ ಜನವರಿಯಲ್ಲಿ ಒಂದು ತೈಲ ಹಡಗಿಗೆ ಸೋತಿತು. ಜೆಸಿಕಾ ಎಂಬ ಹಡಗು ಸಾನ್ ಕ್ರಿಸ್ಟೋಬಾಲ್ ಬಳಿ ನೆಲಕಚ್ಚಿ ಡೀಸೆಲ್ ಸೋರಿತು. ಗಾಳಿ, ಪ್ರವಾಹ ಎರಡೂ ಅನುಕೂಲವಾಗಿದ್ದು ಎಣ್ಣೆ ಬೇಗ ಚದುರಿತು, ಅನಾಹುತ ತಪ್ಪಿತು ಎಂದು ಎಲ್ಲರೂ ನಿಟ್ಟುಸಿರುಬಿಟ್ಟರು. ಆದರೆ ಸಾಂತಾ ಫೆ ದ್ವೀಪದಲ್ಲಿ ಒಂದೇ ವರ್ಷದೊಳಗೆ ನೂರಕ್ಕೆ 62ರಷ್ಟು ಸಮುದ್ರ ಇಗ್ವಾನಾಗಳು ಸತ್ತವು. ಪಾಚಿಯನ್ನು ಜೀರ್ಣಿಸಿಕೊಡುವ ಕರುಳಿನ ಸೂಕ್ಷ್ಮಜೀವಿಗಳನ್ನು ಉಳಿದ ಅಷ್ಟಿಷ್ಟು ಎಣ್ಣೆಯೇ ಕೊಂದಿರಬೇಕೆಂಬುದು ವಿಜ್ಞಾನಿಗಳ ಅಂದಾಜು.

ಗುಡಾರ ಹಾಕಲು ಜಾಗವಿರಲಿಲ್ಲ

ನೀರಿಗಿಳಿಯದ ದಾಯಾದಿಗಳೂ ಇದ್ದಾರೆ. ಹಳದಿ-ಕಂದು ಬಣ್ಣದ ನೆಲದ ಇಗ್ವಾನಾಗಳು ಪಾಪಸುಕಳ್ಳಿಯ ಎಲೆ, ಹೂವು, ಹಣ್ಣು ತಿಂದು ಬಾಳುತ್ತವೆ. ನೀರೂ ಅದರಿಂದಲೇ. ಈ ಎರಡು ಕುಲಗಳು ಬೇರೆಯಾಗಿ ಸುಮಾರು 45 ಲಕ್ಷ ವರ್ಷವಾಯಿತೆಂದು ವಂಶವಾಹಿಗಳ ಅಧ್ಯಯನ ಹೇಳುತ್ತದೆ. ಇದು ಈಗ ನೀರಿನ ಮೇಲಿರುವ ದ್ವೀಪಗಳ ವಯಸ್ಸಿಗಿಂತಲೂ ಹೆಚ್ಚು! ಪೂರ್ವ ದಿಕ್ಕಿನಲ್ಲಿ ಸಮುದ್ರದಡಿ ಮುಳುಗಿರುವ ಬೆಟ್ಟಗಳು ಒಂದಾನೊಂದು ಕಾಲಕ್ಕೆ ದ್ವೀಪಗಳಾಗಿದ್ದವು. ಇಗ್ವಾನಾಗಳ ತವರು ಅದು. ಮನೆ ಮುಳುಗುತ್ತ ಬಂದಂತೆ ಅವು ಪಕ್ಕದ ಹೊಸ ಮನೆಗೆ ಸಾಗಿದವು.

ಫರ್ನಾಂಡಿನಾದಲ್ಲಿ ಹೆಣ್ಣು ಇಗ್ವಾನಾ ಮೊಟ್ಟೆಯಿಡಲು ಸುಮಾರು ಸಾವಿರದೈನೂರು ಮೀಟರ್ ಎತ್ತರದ ಜ್ವಾಲಾಮುಖಿಯನ್ನು ದಿನಗಟ್ಟಲೆ ಹತ್ತುತ್ತದೆ. ಕೆಲವು ಅಲ್ಲಿಗೂ ನಿಲ್ಲದೆ ಕುಸಿಯುವ ಕಲ್ಲುಗಳ ನಡುವೆ ಬಾಯಿಯೊಳಕ್ಕೆ ಇಳಿದು ತಳದ ಬೆಚ್ಚನೆಯ ಬೂದಿಯಲ್ಲಿ ಮೊಟ್ಟೆ ಹೂಳುತ್ತವೆ. ವೋಲ್ಫ್ ಜ್ವಾಲಾಮುಖಿಯ ಮೇಲೆ ಮಾತ್ರ ಗುಲಾಬಿ ಬಣ್ಣದ ಇಗ್ವಾನಾ ಇದೆ. ಉದ್ಯಾನದ ಕಾವಲುಗಾರರು ಮೊದಲು ಅದನ್ನು ನೋಡಿದ್ದೇ 1986ರಲ್ಲಿ. ಡಾರ್ವಿನ್ ಬಂದುಹೋದ ಒಂದೂವರೆ ಶತಮಾನದ ನಂತರ! ಪ್ರತ್ಯೇಕ ಪ್ರಭೇದವೆಂದು ಅದಕ್ಕೆ ಹೆಸರಿಟ್ಟದ್ದು 2009ರಲ್ಲಿ. ಇರುವುದು ಕೆಲವು ನೂರು ಮಾತ್ರ.

ಡಾರ್ವಿನ್ ಒಮ್ಮೆ ಬಿಲ ತೋಡುತ್ತಿದ್ದ ನೆಲದ ಇಗ್ವಾನಾದ ಬಾಲ ಎಳೆದ. ಅದು ಓಡಲಿಲ್ಲ. ಏನಾಯಿತೆಂದು ಹೊರಬಂದು ಅವನ ಮುಖವನ್ನೇ ನೋಡಿತು. ಸಾಂತಿಯಾಗೊ ದ್ವೀಪದಲ್ಲಿ ಇವುಗಳ ಬಿಲಗಳು ಎಷ್ಟಿದ್ದವೆಂದರೆ ಗುಡಾರ ಹಾಕಲು ಸರಿಯಾದ ಜಾಗವೇ ಸಿಗಲಿಲ್ಲ ಎಂದು ಅವನು ಬರೆದಿದ್ದಾನೆ. ಆ ದ್ವೀಪದಲ್ಲಿ ಜೀವಂತ ನೆಲದ ಇಗ್ವಾನಾ ಕಂಡದ್ದಕ್ಕೆ ಅದೇ ಕೊನೆಯ ದಾಖಲೆಯಾಯಿತು. ಹಡಗುಗಳಿಂದ ಇಳಿದ ಹಂದಿಗಳು ಮೊಟ್ಟೆ ಬಗೆದವು, ಮೇಕೆಗಳು ಕಳ್ಳಿಯನ್ನೂ ಬಿಡದೆ ಮೇಯ್ದವು.

ಲಾಸನ್ ಹೇಳಿದ್ದು, ಡಾರ್ವಿನ್ ಕೇಳಿಸಿಕೊಳ್ಳದ್ದು

ಇನ್ನು ಆಮೆ. ಸ್ಪ್ಯಾನಿಷ್‌ನಲ್ಲಿ ಗಲಾಪಗೊ ಎಂದರೆ ಆಮೆ. ದ್ವೀಪಗಳ ಹೆಸರೇ ಅದರಿಂದ ಬಂದದ್ದು. 1535ರಲ್ಲಿ ಪನಾಮಾದ ಬಿಷಪ್ ತೋಮಾಸ್ ದೆ ಬೆರ್ಲಾಂಗಾ ಪೆರುವಿಗೆ ಹೊರಟಿದ್ದಾಗ ಗಾಳಿ ನಿಂತು ಹಡಗು ದಿಕ್ಕುತಪ್ಪಿ ಇಲ್ಲಿಗೆ ಬಂತು. ಕಳ್ಳಿಯ ಎಲೆ ಹಿಂಡಿ ನೀರು ಕುಡಿದ ಆ ಜನ ಮನುಷ್ಯನನ್ನು ಹೊರಬಲ್ಲ ಆಮೆಗಳನ್ನು ಕಂಡರು. ದೊಡ್ಡ ಗಂಡು ಕಾಲು ಟನ್ನಿಗೂ ಹೆಚ್ಚು ತೂಗುತ್ತದೆ, ನೂರು ವರ್ಷ ದಾಟಿ ಬದುಕುತ್ತದೆ.

ಎಲ್ಲ ದ್ವೀಪದ ಆಮೆಯೂ ಒಂದೇ ರೀತಿ ಇಲ್ಲ. ಮಳೆ ಬೀಳುವ, ಹುಲ್ಲು ಬೆಳೆಯುವ ಎತ್ತರದ ದ್ವೀಪಗಳಲ್ಲಿ ಚಿಪ್ಪು ಗುಮ್ಮಟದಂತೆ ದುಂಡಗೆ. ಬಗ್ಗಿ ಮೇಯಲು ಅಷ್ಟು ಸಾಕು. ಒಣ ದ್ವೀಪಗಳಲ್ಲಿ ಮೇವೆಂದರೆ ಎತ್ತರದ ಕಳ್ಳಿ. ಅಲ್ಲಿನ ಆಮೆಗಳಿಗೆ ಕುತ್ತಿಗೆ ಉದ್ದ, ಅದನ್ನು ಮೇಲೆತ್ತಲು ಅನುಕೂಲವಾಗುವಂತೆ ಚಿಪ್ಪಿನ ಮುಂಭಾಗ ಕುದುರೆಯ ಜೀನಿನಂತೆ ಮೇಲಕ್ಕೆದ್ದಿದೆ. ಒಟ್ಟು ಸುಮಾರು 15 ಬಗೆ ಇದ್ದವೆಂದು ಲೆಕ್ಕ. ದ್ವೀಪಗಳ ಉಪರಾಜ್ಯಪಾಲನಾಗಿದ್ದ ನಿಕೋಲಸ್ ಲಾಸನ್, ಆಮೆಯನ್ನು ನೋಡಿದರೆ ಸಾಕು, ಅದು ಯಾವ ದ್ವೀಪದ್ದೆಂದು ಹೇಳಬಲ್ಲೆ ಎಂದು ಡಾರ್ವಿನ್‌ಗೆ ಹೇಳಿದ್ದ. ಜೀವವಿಕಾಸದ ಕೀಲಿಕೈ ಆ ಮಾತಿನಲ್ಲೇ ಇತ್ತು. ಡಾರ್ವಿನ್ ಆಗ ಅದನ್ನು ಗಮನಿಸಲಿಲ್ಲ. ಬೀಗಲ್ ಹಡಗು ಸುಮಾರು ಮೂವತ್ತು ಆಮೆಗಳನ್ನು ಹೊತ್ತು ಮುಂದೆ ಹೊರಟಿತು. ದಾರಿಯುದ್ದಕ್ಕೂ ಅವನ್ನು ತಿಂದು ಚಿಪ್ಪುಗಳನ್ನು ಸಮುದ್ರಕ್ಕೆಸೆದರು. ಯಾವ ದ್ವೀಪದ ಚಿಪ್ಪು ಹೇಗಿತ್ತೆಂದು ಹೋಲಿಸಿ ನೋಡಬೇಕಿತ್ತೆಂದು ಅವನಿಗೆ ಹೊಳೆಯುವ ಹೊತ್ತಿಗೆ ತಡವಾಗಿತ್ತು.

ಬೀಗಲ್ ಒಂದು ಹಡಗಷ್ಟೇ. ತಿಮಿಂಗಿಲ ಬೇಟೆಯವು ನೂರಾರು. ಅವುಗಳ ಹಳೆಯ ದಿನಚರಿ ಪುಸ್ತಕಗಳನ್ನು ಹುಡುಕಿ ಚಾರ್ಲ್ಸ್ ಹ್ಯಾಸ್ಕಿನ್ಸ್ ಟೌನ್‌ಸೆಂಡ್ ಎಂಬಾತ 1925ರಲ್ಲಿ ಒಂದು ಲೆಕ್ಕ ಪ್ರಕಟಿಸಿದ. ಎಂಬತ್ತರಷ್ಟು ಹಡಗುಗಳೇ ಮೂರೂವರೆ ದಶಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಆಮೆ ಒಯ್ದಿದ್ದವು. ಎಲ್ಲ ಹಡಗುಗಳದ್ದು ಸೇರಿದರೆ ಲಕ್ಷ ದಾಟುತ್ತದೆಂದು ಈಗಿನ ಅಂದಾಜು. ತಗ್ಗಿನಲ್ಲಿ ಸುಲಭವಾಗಿ ಸಿಗುವ, ಹೊರಲು ಹಗುರವಾದ ಹೆಣ್ಣುಗಳೇ ಹೆಚ್ಚಾಗಿ ಸಿಕ್ಕಿಬಿದ್ದವು. ಮೊದಲು ಎರಡು ಲಕ್ಷಕ್ಕೂ ಮಿಕ್ಕಿ ಇದ್ದಿರಬಹುದಾದ ಆಮೆಗಳಲ್ಲಿ 1970ರ ದಶಕದ ವೇಳೆಗೆ ಹತ್ತರಲ್ಲಿ ಒಂದು ಪಾಲೂ ಉಳಿದಿರಲಿಲ್ಲ.

1820ರ ಅಕ್ಟೋಬರ್‌ನಲ್ಲಿ ಎಸೆಕ್ಸ್ ಎಂಬ ಹಡಗು ಆಮೆ ತುಂಬಿಕೊಳ್ಳಲು ಫ್ಲೋರಿಯಾನಾ ದ್ವೀಪಕ್ಕೆ ಬಂತು. ನಾವಿಕನೊಬ್ಬ ತಮಾಷೆಗೆಂದು ಕುರುಚಲಿಗೆ ಬೆಂಕಿಯಿಟ್ಟ. ಒಣಗಾಲ. ದ್ವೀಪವೇ ಹೊತ್ತಿ ಉರಿಯಿತು. ಒಂದು ತಿಂಗಳ ನಂತರ ಅದೇ ಹಡಗನ್ನು ನಡುಗಡಲಲ್ಲಿ ತಿಮಿಂಗಿಲವೊಂದು ಗುದ್ದಿ ಮುಳುಗಿಸಿತು. ದೋಣಿ ಹತ್ತಿದ ನಾವಿಕರು ಮೊದಲ ದಿನಗಳಲ್ಲಿ ಜೀವ ಹಿಡಿದದ್ದು ಹಡಗಿನಿಂದ ಎತ್ತಿಕೊಂಡ ಆಮೆಗಳಿಂದಲೇ. 1832ರಲ್ಲಿ ಈಕ್ವೆಡಾರ್ ದ್ವೀಪಗಳನ್ನು ತನ್ನದಾಗಿಸಿಕೊಂಡು ಫ್ಲೋರಿಯಾನಾದಲ್ಲಿ ಜನರನ್ನು ನೆಲೆಗೊಳಿಸಿತು. ಅವರಿಗೂ ಆಮೆಯೇ ಅನ್ನ. 1850ರ ಸುಮಾರಿಗೆ ಆ ದ್ವೀಪದ ಆಮೆ ಕುಲ ಮುಗಿಯಿತು.

ಮೂರು ಮೇಕೆ, ಒಬ್ಬಂಟಿ ಜಾರ್ಜ್

ಹಡಗುಗಳು ಹೋದವು, ಅವು ಬಿಟ್ಟುಹೋದವು ಉಳಿದವು. ಪಿನ್ಸೋನ್ ದ್ವೀಪದಲ್ಲಿ ಹಡಗಿನ ಇಲಿಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಒಂದು ಆಮೆಮರಿಯನ್ನೂ ಬದುಕಗೊಡಲಿಲ್ಲ. ಮುದಿ ಆಮೆಗಳು ವರ್ಷ ವರ್ಷವೂ ಮೊಟ್ಟೆಯಿಟ್ಟವು, ಇಲಿಗಳು ವರ್ಷ ವರ್ಷವೂ ಮರಿಗಳನ್ನು ತಿಂದವು. ದೂರದಿಂದ ನೋಡಿದವರಿಗೆ ದ್ವೀಪದಲ್ಲಿ ಆಮೆಗಳಿವೆ, ಚಿಂತೆಯಿಲ್ಲ ಎನಿಸುತ್ತಿತ್ತು.

ಉತ್ತರದ ಪಿಂಟಾ ದ್ವೀಪದಲ್ಲಿ 1959ರಲ್ಲಿ ಮೀನುಗಾರರು ಮೂರು ಮೇಕೆಗಳನ್ನು ಬಿಟ್ಟರು. ಮುಂದೆ ಬಂದಾಗ ಮಾಂಸಕ್ಕಾದೀತು ಎಂಬ ಲೆಕ್ಕ. ಹದಿನೈದು ವರ್ಷದೊಳಗೆ ಅವು ಮೂವತ್ತು ಸಾವಿರ ದಾಟಿದವು. ಅದೇ ದ್ವೀಪದಲ್ಲಿ 1971ರಲ್ಲಿ ಬಸವನಹುಳುಗಳನ್ನು ಹುಡುಕುತ್ತಿದ್ದ ಹಂಗೆರಿ ಮೂಲದ ವಿಜ್ಞಾನಿಯೊಬ್ಬರ ಕಣ್ಣಿಗೆ ಒಂದು ಗಂಡಾಮೆ ಬಿತ್ತು. ಪಿಂಟಾದ ಆಮೆಗಳು ಅಳಿದವೆಂದೇ ಎಲ್ಲರೂ ನಂಬಿದ್ದ ಕಾಲ. ಮರುವರ್ಷ ಅದನ್ನು ಸಾಂತಾ ಕ್ರೂಸ್ ದ್ವೀಪದ ಡಾರ್ವಿನ್ ಸಂಶೋಧನಾ ಕೇಂದ್ರಕ್ಕೆ ತಂದರು. ಒಬ್ಬಂಟಿ ಜಾರ್ಜ್ ಎಂದು ಜಗತ್ತು ಕರೆದದ್ದು ಇದನ್ನೇ. ಹತ್ತಿರದ ಬಗೆಯ ಹೆಣ್ಣುಗಳನ್ನು ಜೊತೆಗೆ ಬಿಟ್ಟರು. 2008ರಲ್ಲಿ ಮೊಟ್ಟೆಗಳೂ ಬಂದವು, ಒಂದೂ ಮರಿಯಾಗಲಿಲ್ಲ. ನಲವತ್ತು ವರ್ಷ ನೋಡಿಕೊಂಡಿದ್ದ ಫಾಸ್ಟೊ ಯೆರೆನಾ 2012ರ ಜೂನ್ 24ರ ಬೆಳಿಗ್ಗೆ ಹೋದಾಗ ಜಾರ್ಜ್ ನೀರಿನ ಹೊಂಡದ ಕಡೆ ಮುಖ ಮಾಡಿ ಸತ್ತು ಬಿದ್ದಿತ್ತು. ಒಂದು ಕುಲ ಇಂಥ ದಿನವೇ ಮುಗಿಯಿತೆಂದು ತಾರೀಖು ಹಾಕಿ ಹೇಳಬಲ್ಲ ಸಂದರ್ಭಗಳು ಅಪರೂಪ. ಇದು ಅಂಥದ್ದೊಂದು.

ಕೊಂದು ಉಳಿಸುವ ಕೆಲಸ

1959ರಲ್ಲಿ ಈಕ್ವೆಡಾರ್ ಈ ದ್ವೀಪಗಳನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿತು. 1978ರಲ್ಲಿ ಯುನೆಸ್ಕೊದ ಮೊಟ್ಟಮೊದಲ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಅವು ಸೇರಿದವು. ಘೋಷಣೆ ಸುಲಭ. ಕೆಲಸ ನಡೆದದ್ದು ಆಮೆಯ ವೇಗದಲ್ಲಿ.

ಪಿನ್ಸೋನ್‌ನಿಂದ 1965ರಿಂದ ಮೊಟ್ಟೆಗಳನ್ನು ತಂದು ಕಾವುಪೆಟ್ಟಿಗೆಯಲ್ಲಿಟ್ಟರು. ಆಮೆ ಗಂಡೋ ಹೆಣ್ಣೋ ಎಂಬುದು ಮೊಟ್ಟೆಗೆ ಸಿಗುವ ಕಾವಿನಿಂದ ತೀರ್ಮಾನವಾಗುತ್ತದೆ. 28 ಡಿಗ್ರಿ ಇದ್ದರೆ ಗಂಡು, 29.5 ಇದ್ದರೆ ಹೆಣ್ಣು. ಒಂದೂವರೆ ಡಿಗ್ರಿಯ ವ್ಯತ್ಯಾಸ! ಭೂಮಿ ಬಿಸಿಯಾಗುತ್ತಿರುವ ಸುದ್ದಿ ಆಮೆಗೆ ಏಕೆ ಸಂಬಂಧಿಸಿದ್ದೆಂದು ಇದರಿಂದಲೇ ತಿಳಿಯಬಹುದು. ಇಲಿ ಕಚ್ಚಲಾರದಷ್ಟು ಚಿಪ್ಪು ಗಟ್ಟಿಯಾಗುವವರೆಗೆ, ಅಂದರೆ ನಾಲ್ಕೈದು ವರ್ಷ ಸಾಕಿ ದ್ವೀಪಕ್ಕೆ ಮರಳಿಸಿದರು. ಕಡೆಗೆ 2012ರಲ್ಲಿ ಹೆಲಿಕಾಪ್ಟರಿನಿಂದ ವಿಷ ಚೆಲ್ಲಿ ಇಲಿಗಳನ್ನು ನಿರ್ಮೂಲ ಮಾಡಿದರು. 2014ರ ಕೊನೆಯಲ್ಲಿ, ಶತಮಾನಕ್ಕೂ ಹೆಚ್ಚು ಕಾಲದ ನಂತರ, ದ್ವೀಪದ ಮಣ್ಣಿನಲ್ಲೇ ಹುಟ್ಟಿ ಬದುಕಿದ ಮರಿಗಳು ಕಾಣಿಸಿಕೊಂಡವು.

ಎಸ್ಪಾನ್ಯೋಲಾದಲ್ಲಿ ಉಳಿದಿದ್ದು ಹದಿನಾಲ್ಕೇ ಆಮೆ. ಹನ್ನೆರಡು ಹೆಣ್ಣು, ಎರಡು ಗಂಡು. ಒಂದನ್ನೊಂದು ಭೇಟಿಯಾಗಲಾರದಷ್ಟು ಚದುರಿಹೋಗಿದ್ದವು. 1963ರಿಂದ 1974ರೊಳಗೆ ಎಲ್ಲವನ್ನೂ ಹಿಡಿದು ತಂದರು. ಅಮೆರಿಕದ ಸಾನ್ ಡಿಯಾಗೊ ಮೃಗಾಲಯದಲ್ಲಿ ದಶಕಗಳಿಂದ ಇದ್ದ ಅದೇ ಕುಲದ ಗಂಡೊಂದು ಬಂದು ಸೇರಿಕೊಂಡಿತು. ಅದೇ ಡಿಯಾಗೊ. ಮಕ್ಕಳು ಸುಮಾರು ಎಂಟುನೂರು ಎಂದು ಪತ್ರಿಕೆಗಳು ಅದನ್ನು ಕೊಂಡಾಡಿದವು. ನಿಜಕ್ಕೂ ಹೆಚ್ಚಿನ ಮರಿಗಳ ತಂದೆ ಇ-5 ಎಂಬ ಸಂಖ್ಯೆಯ ಇನ್ನೊಂದು ಸಾಧು ಗಂಡು. ಹೆಸರಿಲ್ಲದ್ದಕ್ಕೆ ಅದಕ್ಕೆ ಪ್ರಚಾರವೂ ಸಿಗಲಿಲ್ಲ! 2020ರ ಹೊತ್ತಿಗೆ ದ್ವೀಪದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಆಮೆಗಳಾಗಿದ್ದವು. ಆ ವರ್ಷದ ಜೂನ್‌ನಲ್ಲಿ ಹದಿನೈದೂ ಹಿರಿಯರನ್ನು ಅವರ ದ್ವೀಪಕ್ಕೇ ಬಿಟ್ಟರು. ಆ ಕುಲದ ಮರಿ ಮಾಡಿಸುವ ಕೆಲಸ ಅಲ್ಲಿಗೆ ಮುಗಿಯಿತು.

ಇಗ್ವಾನಾಗಳ ಪಾಲಿಗೆ ಅದೃಷ್ಟ ಬೇರೆ ದಾರಿಯಿಂದ ಬಂತು. ಬಾಲ್ಟ್ರಾ ದ್ವೀಪದಲ್ಲಿ ಅವು ಹಸಿದಂತೆ ಕಂಡವೆಂದು ಹ್ಯಾನ್‌ಕಾಕ್ ಎಂಬ ಕ್ಯಾಲಿಫೋರ್ನಿಯಾದ ಶ್ರೀಮಂತನ ತಂಡ 1930ರ ದಶಕದ ಆರಂಭದಲ್ಲಿ ಸುಮಾರು ಎಪ್ಪತ್ತನ್ನು ಪಕ್ಕದ ನಾರ್ತ್ ಸೇಮೋರ್ ದ್ವೀಪಕ್ಕೆ ಸಾಗಿಸಿತು. ಎರಡನೇ ಮಹಾಯುದ್ಧದಲ್ಲಿ ಬಾಲ್ಟ್ರಾ ಅಮೆರಿಕದ ವಿಮಾನನೆಲೆಯಾಯಿತು. 1954ರ ವೇಳೆಗೆ ಅಲ್ಲಿ ಒಂದು ಇಗ್ವಾನಾವೂ ಉಳಿದಿರಲಿಲ್ಲ. ಪಕ್ಕಕ್ಕೆ ಹೋದವು ಮಾತ್ರ ಬಾಳಿದವು. 1991ರಲ್ಲಿ ಅವುಗಳ ವಂಶ ಬಾಲ್ಟ್ರಾಕ್ಕೆ ಮರಳತೊಡಗಿತು. 2019ರ ಜನವರಿಯಲ್ಲಿ ನಾರ್ತ್ ಸೇಮೋರ್‌ನಿಂದಲೇ 1,436 ಇಗ್ವಾನಾಗಳನ್ನು ಸಾಂತಿಯಾಗೊಗೆ, ಡಾರ್ವಿನ್‌ಗೆ ಗುಡಾರ ಹಾಕಲು ಜಾಗ ಸಿಗದಿದ್ದ ಆ ದ್ವೀಪಕ್ಕೆ ಒಯ್ದು ಬಿಟ್ಟರು. 184 ವರ್ಷಗಳ ಅಂತರ.

ಆದರೆ ಅದಕ್ಕೆ ಮೊದಲು ಅಲ್ಲಿ ಹಂದಿ, ಮೇಕೆಗಳನ್ನು ಮುಗಿಸಬೇಕಿತ್ತು. 1997ರಿಂದ 2006ರವರೆಗೆ ನಡೆದ ಇಸಬೆಲಾ ಯೋಜನೆಯಲ್ಲಿ ಲಕ್ಷಕ್ಕೂ ಹೆಚ್ಚು ಮೇಕೆಗಳನ್ನು ಹೆಲಿಕಾಪ್ಟರಿನಿಂದ ಗುಂಡಿಟ್ಟು ಕೊಂದರು. ಅಡಗಿಕೊಂಡ ಕೊನೆಯವನ್ನು ಹಿಡಿಯಲು ಇನ್ನೊಂದು ಉಪಾಯ. ಮರಿಹಾಕದಂತೆ ಮಾಡಿದ ಹೆಣ್ಣು ಮೇಕೆಯ ಕೊರಳಿಗೆ ರೇಡಿಯೊ ಕಟ್ಟಿ ಬಿಡುವುದು. ಒಂಟಿಯಾಗಿರಲಾರದ ಅದು ತನ್ನವರನ್ನು ಹುಡುಕಿ ಹೋಗುತ್ತದೆ, ಹಿಂದಿನಿಂದ ಬಂದೂಕು ಬರುತ್ತದೆ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ನೆನಪಿನಲ್ಲಿ ಅದಕ್ಕೆ ಯೂದ ಮೇಕೆ ಎಂದು ಹೆಸರು. ಓದುವಾಗ ಹೊಟ್ಟೆ ತೊಳೆಸುತ್ತದೆ. ಮೇಕೆ ಮಾಡಿದ ಪಾಪವಾದರೂ ಏನು? ಅದನ್ನು ತಂದುಬಿಟ್ಟವರು ನಾವು. ಹಾಗೆಂದು ಕೊಲ್ಲದೆ ಬಿಟ್ಟಿದ್ದರೆ ಪಿಂಟಾದ ಕತೆಯೇ ಇಸಬೆಲಾದಲ್ಲೂ ಆಗುತ್ತಿತ್ತು. ತಪ್ಪು ಮಾಡಲು ಮೂರು ಮೇಕೆ ಸಾಕಾಯಿತು, ಸರಿಪಡಿಸಲು ಲಕ್ಷ ಮೇಕೆಯ ರಕ್ತ ಬೇಕಾಯಿತು ಎಂಬುದಷ್ಟೇ ಇಲ್ಲಿ ಉಳಿಯುವ ಲೆಕ್ಕ.

ಲೆಕ್ಕ ಮುಗಿದೂ ಇಲ್ಲ. ಗುಲಾಬಿ ಇಗ್ವಾನಾದ ಮರಿಗಳಿಗೆ ಕಾಡುಬೆಕ್ಕಿನ ಕಾಟ ಇದ್ದೇ ಇದೆ. 2021ರ ಮಾರ್ಚ್‌ನಲ್ಲಿ ಬಾಲ್ಟ್ರಾ ವಿಮಾನ ನಿಲ್ದಾಣದಲ್ಲಿ ಒಂದು ಸೂಟ್‌ಕೇಸ್ ತೆರೆದಾಗ ಪ್ಲಾಸ್ಟಿಕ್ ಸುತ್ತಿದ 185 ಆಮೆಮರಿಗಳು ಸಿಕ್ಕವು. ಹತ್ತು ಸತ್ತಿದ್ದವು. ಉಸಿರು ಬಿಗಿಹಿಡಿದು ಸುಮ್ಮನಿರಬಲ್ಲ ಪ್ರಾಣಿ ಕಳ್ಳಸಾಗಣೆಗೆ ಎಷ್ಟು ಅನುಕೂಲ ನೋಡಿ. ಹಡಗಿನ ತಳಮನೆಯ ಜಾಗಕ್ಕೆ ಸೂಟ್‌ಕೇಸ್ ಬಂದಿದೆ. 2023ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದುಹೋದರು. 2024ರ ಆಗಸ್ಟ್‌ನಿಂದ ವಿದೇಶೀಯರ ಪ್ರವೇಶ ಶುಲ್ಕವನ್ನು ನೂರು ಡಾಲರಿನಿಂದ ಇನ್ನೂರಕ್ಕೆ ಏರಿಸಲಾಯಿತು.

ಎಸೆದವರೇ ಉಳಿಸಿದ ವಂಶ

ಇಷ್ಟೆಲ್ಲದರ ನಡುವೆ ಫ್ಲೋರಿಯಾನಾದ ಕತೆಗೆ ಯಾರೂ ನಿರೀಕ್ಷಿಸದ ಒಂದು ತಿರುವು ಬಂತು. ಇಸಬೆಲಾದ ಉತ್ತರ ತುದಿಯ ವೋಲ್ಫ್ ಜ್ವಾಲಾಮುಖಿಯ ಇಳಿಜಾರಿನಲ್ಲಿ ಕೆಲವು ಆಮೆಗಳ ಚಿಪ್ಪು ಜೀನಿನಾಕಾರದಲ್ಲಿತ್ತು. ಆ ಜಾಗದ ಆಮೆಗಳ ಲಕ್ಷಣ ಅದಲ್ಲ. 2008ರಲ್ಲಿ ಅಲ್ಲಿನ ಸಾವಿರಾರು ಆಮೆಗಳ ರಕ್ತ ತೆಗೆದು, ವಸ್ತುಸಂಗ್ರಹಾಲಯಗಳಲ್ಲಿದ್ದ ಫ್ಲೋರಿಯಾನಾ ಆಮೆಗಳ ಮೂಳೆಯೊಂದಿಗೆ ಹೋಲಿಸಿದರು. ಒಂದೂವರೆ ಶತಮಾನದ ಹಿಂದೆ ಅಳಿದ ಕುಲದ ರಕ್ತ ಅವುಗಳಲ್ಲಿ ಹರಿಯುತ್ತಿತ್ತು.

ಅಷ್ಟು ದೂರ ಅವು ಹೋದದ್ದು ಹೇಗೆ? ತಿಮಿಂಗಿಲ ಬೇಟೆಗಾರರು ಭಾರ ಹೆಚ್ಚಾದಾಗಲೋ, ಬೇಟೆಯ ಎಣ್ಣೆಗೆ ಜಾಗ ಬೇಕಾದಾಗಲೋ ತಳಮನೆಯ ಆಮೆಗಳನ್ನು ಆ ಕೊಲ್ಲಿಯಲ್ಲಿ ಎಸೆದು ಹೋಗಿರಬೇಕೆಂಬುದು ವಿಜ್ಞಾನಿಗಳ ವಿವರಣೆ. ಆಮೆಗಳು ತೇಲಿದವು, ದಡ ಹತ್ತಿದವು, ಬೆಟ್ಟವೇರಿದವು, ಅಲ್ಲಿನವರೊಂದಿಗೆ ಸಂಸಾರ ಹೂಡಿದವು. ತಳಮನೆಯ ಕತ್ತಲಲ್ಲಿ ತಿಂಗಳುಗಟ್ಟಲೆ ಅನ್ನ-ನೀರಿಲ್ಲದೆ ಜೀವ ಹಿಡಿದುಕೊಳ್ಳುವ ಗುಣವೇ ಅವುಗಳನ್ನು ಅಡಿಗೆಮನೆಗೆ ಒಯ್ದಿತ್ತು. ಅದೇ ಗುಣ ಕೆಲವನ್ನು ದಡಕ್ಕೂ ಸೇರಿಸಿತು.

2015ರಲ್ಲಿ ಆ ರಕ್ತ ಹೆಚ್ಚಿಗೆ ಇರುವ ಆಮೆಗಳನ್ನು ಆರಿಸಿ ಹೆಲಿಕಾಪ್ಟರಿನಲ್ಲಿ ಎತ್ತಿ ಸಾಂತಾ ಕ್ರೂಸ್‌ಗೆ ತಂದರು. ಫ್ಲೋರಿಯಾನಾಕ್ಕೆ ಅದರ ಆಮೆಯನ್ನು ಮರಳಿಸಬೇಕೆಂದು 2017ರಲ್ಲಿ ಮರಿ ಮಾಡಿಸುವ ಕೆಲಸ ಶುರುವಾಯಿತು. 2023ರಲ್ಲಿ ಆ ದ್ವೀಪದ ಇಲಿ, ಬೆಕ್ಕುಗಳ ವಿರುದ್ಧದ ಕಾರ್ಯಾಚರಣೆಯೂ ನಡೆಯಿತು. ಆ ಮರಿಗಳು ಬೆಳೆದು ಮೊಟ್ಟೆಯಿಡಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕು. ಅವು ಮುದಿಯಾಗುವುದನ್ನು ನೋಡಲು ಈಗ ಅವುಗಳಿಗೆ ಎಲೆ ಹಾಕುತ್ತಿರುವವರಲ್ಲಿ ಯಾರೂ ಇರುವುದಿಲ್ಲ. ಅದು ಗೊತ್ತಿದ್ದೂ ಅವರು ಪ್ರತಿ ಮರಿಯ ಚಿಪ್ಪಿನ ಮೇಲೆ ಸಂಖ್ಯೆ ಬರೆದು, ತೂಕ ನೋಡಿ, ಪುಸ್ತಕದಲ್ಲಿ ದಾಖಲಿಸುತ್ತಾರೆ. ಮುಂದೆ ಬರುವವರಿಗೆ ಲೆಕ್ಕ ಸಿಗಬೇಕಲ್ಲ.